ಯಾರು ಗೆದ್ರು?

ಭಾನುವಾರ ಸಂಜೆ ನಾಲ್ಕಕ್ಕೆ ಗೆಳೆಯರು ನಮ್ಮ ಮನೆಗೆ ಬರುತ್ತಾರೆ. ಊಟದ ಮೇಜಿನ ಮೇಲೆ ಕಾಗದ, ಪೆನ್ಸಿಲ್, ಬಣ್ಣಬಣ್ಣದ ದಾಳಗಳು ಹರಡಿಕೊಳ್ಳುತ್ತವೆ. ರಾತ್ರಿ ಎಂಟರ ತನಕ ಮಾತು, ನಗು, ವಾದ. ನಡುವೆ ಒಮ್ಮೊಮ್ಮೆ ಎಲ್ಲರೂ ಉಸಿರು ಬಿಗಿಹಿಡಿದು ಸುಮ್ಮನಾಗುತ್ತಾರೆ. ಅವರೆಲ್ಲ ಹೊರಟ ಮೇಲೆ ಅಮ್ಮ ಕಾಫಿ ಲೋಟ ಎತ್ತಿಡುತ್ತಾ ಕೇಳುತ್ತಿದ್ದರು: "ಯಾರು ಗೆದ್ರು?"

"ಯಾರೂ ಗೆಲ್ಲಲ್ಲ ಅಮ್ಮ, ಇದು ಆ ಥರದ ಆಟ ಅಲ್ಲ" ಅಂತ ಹೇಳಿ ಮುಗಿಸುತ್ತಿದ್ದೆ. ಅವರಿಗೆ ಸಮಾಧಾನ ಆಗುತ್ತಿರಲಿಲ್ಲ. ನನಗೂ ಆಗುತ್ತಿರಲಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ದಾಳ ಇದೆ, ನಿಯಮದ ಪುಸ್ತಕ ಇದೆ, ಅಂಕಿ ಬರೆದ ಹಾಳೆಗಳಿವೆ. ಗೆಲುವು ಮಾತ್ರ ಇಲ್ಲ ಅಂದರೆ, ಐದು ಜನ ನಾಲ್ಕು ಗಂಟೆ ಕೂತು ಮಾಡಿದ್ದಾದರೂ ಏನು?

ಈ ಬಗೆಯ ಆಟಗಳಿಗೆ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂತ ಹೆಸರು. ಆಡುವವರು ಚಿಕ್ಕದಾಗಿ ಆರ್‌ಪಿಜಿ ಅನ್ನುತ್ತಾರೆ. ಡಂಜನ್ಸ್ ಆಂಡ್ ಡ್ರಾಗನ್ಸ್ ಇವುಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿ. ನಾನು ಆರು ವರ್ಷದಿಂದ ಇವುಗಳ ಜೊತೆಗಿದ್ದೇನೆ. ಆಡಿದ್ದಕ್ಕಿಂತ ನಡೆಸಿದ್ದೇ ಜಾಸ್ತಿ. ಆಟ ಹೇಗಿರುತ್ತದೆ ಅಂತ ಹೇಳುವುದಕ್ಕಿಂತ ಒಂದು ತುಣುಕು ತೋರಿಸುವುದು ಸುಲಭ.

"ಕೋಟೆ ಬಾಗಿಲು ಮುಚ್ಚಿದೆ. ಮಳೆ ಬರ್ತಿದೆ. ಒಳಗೆ ಎಲ್ಲೋ ದೀಪ ಉರೀತಿದೆ. ಏನ್ ಮಾಡ್ತೀರಿ?"

"ನಾನು ಬಾಗಿಲು ತಟ್ತೀನಿ."

"ತಡಿಯೋ, ತಟ್ಟಬೇಡ. ನಾನು ಗೋಡೆ ಸುತ್ತ ಒಂದು ಸಲ ಹೋಗಿ ನೋಡ್ತೀನಿ. ಹತ್ತೋಕೆ ಆಗೋ ಜಾಗ ಇದೆಯಾ?"

"ಹಿಂದುಗಡೆ ಒಂದು ಹಲಸಿನ ಮರ ಇದೆ. ಒಂದು ಕೊಂಬೆ ಗೋಡೆ ತನಕ ಚಾಚಿದೆ. ಆದ್ರೆ ಮಳೆಗೆ ನೆನೆದು ಜಾರ್ತಿದೆ."

"ಹತ್ತೇ ಹತ್ತುತೀನಿ."

"ಸರಿ, ದಾಳ ಹಾಕು."

ಇಷ್ಟೇ. ಒಬ್ಬರು ಆಟ ನಡೆಸುತ್ತಾರೆ. ಅವರನ್ನು ಜಿಎಂ ಅನ್ನುತ್ತೇವೆ, ಅಂದರೆ ಗೇಮ್ ಮಾಸ್ಟರ್. ಕೋಟೆ, ಮಳೆ, ಮರ, ಕಾವಲುಗಾರ, ಎಲ್ಲ ಅವರ ಬಾಯಲ್ಲೇ ಹುಟ್ಟುತ್ತದೆ. ಉಳಿದವರು ತಲಾ ಒಂದೊಂದು ಪಾತ್ರ ಹಿಡಿಯುತ್ತಾರೆ. ಜಿಎಂ ಪರಿಸ್ಥಿತಿ ಹೇಳಿ "ಏನ್ ಮಾಡ್ತೀರಿ?" ಅಂತ ಕೇಳುತ್ತಾರೆ. ಆಟಗಾರರು ಹೇಳುತ್ತಾರೆ. ಅದರಿಂದ ಏನಾಯಿತು ಅನ್ನುವುದು ತೀರ್ಮಾನವಾಗುತ್ತದೆ. ಪರಿಸ್ಥಿತಿ ಬದಲಾಗುತ್ತದೆ. ಮತ್ತೆ ಅದೇ ಪ್ರಶ್ನೆ.

ಕಂಪ್ಯೂಟರ್ ಗೇಮಿನಲ್ಲೂ ಕೋಟೆ, ಮರ ಇರಬಹುದು. ಆದರೆ ಆ ಮರ ಹತ್ತಲು ಆಗುತ್ತದೆಯೋ ಇಲ್ಲವೋ ಅನ್ನುವುದನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ನಮ್ಮ ಮೇಜಿನ ಮೇಲೆ ಯಾರೂ ಬರೆದಿಟ್ಟಿಲ್ಲ. "ಮರದಲ್ಲಿ ಹಣ್ಣಿದೆಯಾ? ಒಂದನ್ನ ಒಳಗಡೆ ಬೀಳಿಸಿದ್ರೆ ಕಾವಲುಗಾರ ಸದ್ದು ಕೇಳಿ ಆ ಕಡೆ ಓಡ್ತಾನಾ?" ಅಂತ ಯಾರಾದರೂ ಕೇಳಬಹುದು. ಹಾಗೆ ಕೇಳಿದ ಕ್ಷಣ ನಾನು ಆ ಮರವನ್ನು ಹೊಸದಾಗಿ ನೋಡಬೇಕಾಗುತ್ತದೆ. ನಾನು ಈ ಆಟಕ್ಕೆ ಅಂಟಿಕೊಂಡಿದ್ದೇ ಈ ಒಂದು ಕಾರಣಕ್ಕೆ.

ನಮ್ಮವರಿಗೆ ಇದನ್ನು ತಿಳಿಸಿ ಹೇಳಬೇಕಾದಾಗ ನಾನು ತಾಳಮದ್ದಳೆಯನ್ನು ನೆನಪಿಸುತ್ತೇನೆ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಕೇಳಿದ್ದು ಅದು. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ ಉಟ್ಟು ಎದುರುಬದುರು ಕೂತ ಅರ್ಥಧಾರಿಗಳು. ಭಾಗವತರು ಪದ್ಯ ಹಾಡುತ್ತಾರೆ. ಆಮೇಲೆ ಒಬ್ಬರು ಕರ್ಣನಾಗಿ, ಇನ್ನೊಬ್ಬರು ಕೃಷ್ಣನಾಗಿ ಅಲ್ಲೇ ಹುಟ್ಟಿದ ಮಾತಲ್ಲಿ ವಾದ ಮಾಡುತ್ತಾರೆ. ಬರೆದುಕೊಂಡು ಬಂದ ಸಂಭಾಷಣೆ ಇಲ್ಲ. ಎದುರಿನವರು ಏನು ಕೇಳುತ್ತಾರೋ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ನಿದ್ದೆಗಣ್ಣಲ್ಲೂ ಎದ್ದು ಕೂರುತ್ತಿದ್ದೆವು. ಕರಾವಳಿ, ಮಲೆನಾಡಿನ ಕಡೆ ಯಕ್ಷಗಾನಕ್ಕೆ 'ಆಟ' ಅನ್ನುತ್ತಾರೆ, ತಾಳಮದ್ದಳೆಗೆ 'ಕೂಟ'. ಆರ್‌ಪಿಜಿ ಆಟವೂ ಹೌದು, ಕೂಟವೂ ಹೌದು ಅನ್ನುವುದು ನನ್ನ ಅನಿಸಿಕೆ.

ಒಂದು ದೊಡ್ಡ ವ್ಯತ್ಯಾಸವೂ ಇದೆ. ತಾಳಮದ್ದಳೆಯ ಪ್ರಸಂಗ ಎಲ್ಲಿ ಮುಗಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಕರ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಕೊನೆಗೆ ರಥದ ಗಾಲಿ ಹೂತೇ ಹೋಗುತ್ತದೆ. ನಮ್ಮ ಮೇಜಿನಲ್ಲಿ ಗಾಲಿ ಹೂಳುತ್ತದೋ ಇಲ್ಲವೋ ಭಾಗವತರಿಗೂ, ಅಂದರೆ ಜಿಎಂಗೂ, ಗೊತ್ತಿರುವುದಿಲ್ಲ.

ಈ ಜಿಎಂ ಅನ್ನುವ ಸ್ಥಾನ ಬಂದ ದಾರಿ ಸ್ವಾರಸ್ಯವಾಗಿದೆ. 1824ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ ತನ್ನ ಸೇನೆಯ ತರಬೇತಿಗಾಗಿ ಒಂದು ಯುದ್ಧದ ಆಟ ತಂದರು. ಹೆಸರು ಕ್ರೀಗ್‌ಸ್ಪೀಲ್. ಎರಡೂ ಕಡೆಯವರು ತಮ್ಮ ಆಜ್ಞೆಗಳನ್ನು ನಡುವೆ ಇದ್ದ ತೀರ್ಪುಗಾರನಿಗೆ ಕೊಡಬೇಕು. ಪೂರ್ತಿ ಚಿತ್ರ ಗೊತ್ತಿರುವುದು ಅವನೊಬ್ಬನಿಗೇ. ದಾಳ ಹಾಕಿ, ಕೋಷ್ಟಕ ನೋಡಿ, ಏನಾಯಿತು ಅಂತ ಅವನೇ ಹೇಳುತ್ತಿದ್ದ. ನಿಯಮಗಳ ಹೊರೆ ಜಾಸ್ತಿಯಾದಾಗ, 1876ರಲ್ಲಿ ವೆರ್ಡಿ ದು ವೆರ್ನ್ವಾ ಅನ್ನುವ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ, ಅನುಭವಸ್ಥ ತೀರ್ಪುಗಾರನ ವಿವೇಚನೆಗೇ ಬಿಡೋಣ, ಇಷ್ಟೊಂದು ನಿಯಮ ಯಾಕೆ ಅಂತ ವಾದಿಸಿದರು. ನಿಯಮ ಜಾಸ್ತಿ ಬೇಕೋ, ನಡೆಸುವವರ ಮೇಲೆ ನಂಬಿಕೆ ಜಾಸ್ತಿ ಬೇಕೋ ಅನ್ನುವ ಜಗಳ ಇವತ್ತಿಗೂ ಆರ್‌ಪಿಜಿ ಆಡುವವರ ನಡುವೆ ನಡೆಯುತ್ತಿದೆ.

ಅಲ್ಲಿಂದ 1960ರ ದಶಕದ ಕೊನೆಗೆ ಬನ್ನಿ. ಅಮೆರಿಕದ ಮಿನ್ನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರ. ಡೇವಿಡ್ ವೆಸ್ಲಿ ಅನ್ನುವವರು ಗೆಳೆಯರಿಗಾಗಿ ಬ್ರೌನ್‌ಸ್ಟೈನ್ ಅನ್ನುವ ಕಾಲ್ಪನಿಕ ಊರಿನಲ್ಲಿ ನಡೆಯುವ ಒಂದು ಆಟ ಕಟ್ಟಿದರು. ಒಬ್ಬೊಬ್ಬರಿಗೆ ಒಂದೊಂದು ಸೈನ್ಯ ಕೊಡುವ ಬದಲು ಆ ಊರಿನ ಒಬ್ಬೊಬ್ಬ ಮನುಷ್ಯನನ್ನು ಕೊಟ್ಟರು. ಆಟಗಾರರು ಮೇಜು ಬಿಟ್ಟು ಮೂಲೆಮೂಲೆಗೆ ಹೋಗಿ ಗುಟ್ಟು ಮಾತಾಡಿದರು, ಒಪ್ಪಂದ ಮಾಡಿಕೊಂಡರು, ಒಬ್ಬರಿಗೊಬ್ಬರು ಸುಳ್ಳು ಹೇಳಿದರು. ವೆಸ್ಲಿಗೆ ಆಟ ಕೈತಪ್ಪಿ ಹಾಳಾಯಿತು ಅನ್ನಿಸಿತಂತೆ. ಆಡಿದವರು ಇನ್ನೊಮ್ಮೆ ಆಡಿಸು ಅಂತ ಹಿಂದೆ ಬಿದ್ದರು. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ತನ್ನದೇ ಬ್ಲಾಕ್‌ಮೂರ್ ಅನ್ನುವ ಲೋಕ ಶುರುಮಾಡಿದರು. ಅಲ್ಲಿ ಪಾತ್ರಗಳು ಒಂದು ರಾತ್ರಿಗೆ ಮುಗಿಯುವುದಿಲ್ಲ, ಆಟದಿಂದ ಆಟಕ್ಕೆ ಬೆಳೆಯುತ್ತವೆ. ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಆರ್ನೆಸನ್ ಜೊತೆ ಸೇರಿ ಇದಕ್ಕೆ ಪುಸ್ತಕದ ರೂಪ ಕೊಟ್ಟರು. 1974ರಲ್ಲಿ ಡಂಜನ್ಸ್ ಆಂಡ್ ಡ್ರಾಗನ್ಸ್ ಹೊರಬಂತು. ಒಂದು ಪೆಟ್ಟಿಗೆ, ಮೂರು ಪುಟ್ಟ ಪುಸ್ತಕ. ಮೊದಲ ಮುದ್ರಣ 1000 ಪ್ರತಿ.

ಈಗ ದಾಳಕ್ಕೆ ಬರೋಣ. ಹೊಸಬರಿಗೆ ಹೆದರಿಕೆ ಹುಟ್ಟಿಸುವುದು ಇದೇ. ನಿಜವಾಗಿ ಲೆಕ್ಕ ತುಂಬ ಸರಳ.

ಡಂಜನ್ಸ್ ಆಂಡ್ ಡ್ರಾಗನ್ಸ್‌ನಲ್ಲಿ ಮುಖ್ಯ ದಾಳಕ್ಕೆ 20 ಮುಖ. ಒಂದೊಂದು ಮುಖ ಬೀಳುವ ಸಾಧ್ಯತೆ 5 ಶೇಕಡಾ. ಕೆಲಸ ಎಷ್ಟು ಕಷ್ಟ ಅನ್ನುವುದಕ್ಕೆ ಜಿಎಂ ಒಂದು ಸಂಖ್ಯೆ ಇಡುತ್ತಾರೆ. ಒದ್ದೆ ಮರ ಹತ್ತಲು 15 ಅಂತಿಟ್ಟುಕೊಳ್ಳಿ. ಮರ ಹತ್ತಿ ಅಭ್ಯಾಸವಿಲ್ಲದವನಿಗೆ 15 ಅಥವಾ ಜಾಸ್ತಿ ಬೀಳಬೇಕು. ಅಂಥ ಮುಖಗಳು ಆರು, ಅಂದರೆ 30 ಶೇಕಡಾ. ಚೆನ್ನಾಗಿ ಹತ್ತಬಲ್ಲ ಪಾತ್ರಕ್ಕೆ ಹಾಳೆಯಲ್ಲಿ '+5' ಅಂತ ಇದ್ದರೆ 10 ಬಿದ್ದರೂ ಸಾಕು. ಸಾಧ್ಯತೆ 55ಕ್ಕೆ ಏರಿತು. ಕೆಳಗಿನಿಂದ ಗೆಳತಿ ಹೆಗಲು ಕೊಟ್ಟಳು ಅನ್ನಿ. ಆಗ ಎರಡು ಸಲ ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಎರಡೂ ಸಲ ಕೈಕೊಡುವ ಸಾಧ್ಯತೆ 45 ಶೇಕಡಾದಲ್ಲಿ 45 ಶೇಕಡಾ, ಅಂದರೆ ಸುಮಾರು 20 ಶೇಕಡಾ. ಹಾಗಾಗಿ ಸುಮಾರು 80 ಶೇಕಡಾ ಸಲ ಹತ್ತುತ್ತಾನೆ. ಪಾತ್ರದ ಹಾಳೆಯಲ್ಲಿರುವ ಅಂಕಿಗಳೆಲ್ಲ ಹೇಳುವುದು ಇಷ್ಟನ್ನೇ: ಈ ಮನುಷ್ಯ ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಇನ್ನೊಬ್ಬರ ಹೆಗಲು ಬೇಕು.

ಇನ್ನೊಂದು ಬಗೆ ನನಗೆ ಇನ್ನೂ ಇಷ್ಟ. 2010ರಲ್ಲಿ ವಿನ್ಸೆಂಟ್ ಬೇಕರ್, ಮೆಗುಯಿ ಬೇಕರ್ ದಂಪತಿ ಹೊರತಂದ ಅಪಾಕಲಿಪ್ಸ್ ವರ್ಲ್ಡ್ ಅನ್ನುವ ಆಟದ್ದು. ಲೂಡೋದಲ್ಲಿರುವಂಥ ಮಾಮೂಲಿ ಎರಡು ದಾಳ ಹಾಕಿ ಕೂಡಬೇಕು. 10 ಅಥವಾ ಮೇಲೆ ಬಂದರೆ ಅಂದುಕೊಂಡಂತೆ ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ತೆರಬೇಕು. 6 ಅಥವಾ ಕೆಳಗೆ ಬಂದರೆ ಹೊಸ ತೊಂದರೆ. ಎರಡು ದಾಳ ಬೀಳಬಹುದಾದ ರೀತಿಗಳು 36. ಅದರಲ್ಲಿ 10 ಅಥವಾ ಮೇಲೆ ಬರುವುದು 6, ನಡುವಿನದ್ದು 15, ಕೆಳಗಿನದ್ದು 15. ಪಾತ್ರಕ್ಕೆ ಸುಮ್ನೆ '+1' ಕೊಟ್ಟು ನೋಡಿ. ಅದು 10, 16, 10 ಆಗುತ್ತದೆ. ನಡುವಿನ ದಾರಿಯೇ ಎಲ್ಲಕ್ಕಿಂತ ಜಾಸ್ತಿ. ಗೋಡೆ ಹತ್ತಿದೆ, ಆದರೆ ಚೀಲ ಹೊರಗೇ ಬಿತ್ತು. ಗೌಡರು ಒಪ್ಪಿದರು, ಆದರೆ ಅವರ ಮಗನನ್ನೂ ಕರೆದುಕೊಂಡು ಹೋಗಬೇಕಂತೆ. ಬದುಕಿನಲ್ಲೂ ಹೀಗೇ ಅಲ್ವಾ, ಪೂರ್ತಿ ಆಗುವುದು ಕಡಿಮೆ, ಪೂರ್ತಿ ಕೆಡುವುದೂ ಕಡಿಮೆ.

ಲೆಕ್ಕ ಗೊತ್ತಿದ್ದರೆ ಸಾಲದು. ಯಾವಾಗ ದಾಳ ಹಾಕಿಸಬೇಕು ಅನ್ನುವುದು ಗೊತ್ತಿರಬೇಕು. ಅದನ್ನು ನಾನು ಮೊದಲ ದಿನವೇ ಕಷ್ಟಪಟ್ಟು ಕಲಿತೆ. ಪಾಳು ಅರಮನೆ, ಅದರಲ್ಲಿ ಒಂದು ಗುಪ್ತ ಬಾಗಿಲು. ಕಥೆಯೆಲ್ಲ ಆ ಬಾಗಿಲ ಆಚೆಗಿತ್ತು. ಹುಡುಕಲು 15 ಬೇಕು ಅಂದೆ. ನಾಲ್ಕು ಜನ ಹುಡುಕುತ್ತಾರೆ, ಒಬ್ಬರಿಗಾದರೂ ಸಿಗುತ್ತದೆ ಅನ್ನುವ ಧೈರ್ಯ. ಯಾರಿಗೂ ಸಿಗಲಿಲ್ಲ. ಒಬ್ಬೊಬ್ಬರಿಗೂ 30 ಶೇಕಡಾ ಸಾಧ್ಯತೆ ಇದ್ದರೂ ನಾಲ್ಕೂ ಜನ ಸೋಲುವ ಸಾಧ್ಯತೆ 24 ಶೇಕಡಾ ಅಂತ ಆಮೇಲೆ ಲೆಕ್ಕ ಹಾಕಿದೆ. ಹೆಚ್ಚುಕಡಿಮೆ ನಾಲ್ಕು ಸಲಕ್ಕೊಮ್ಮೆ. ಅವತ್ತು ಮುಕ್ಕಾಲು ಗಂಟೆ ನಾವು ಒಂದು ಖಾಲಿ ಕೋಣೆಯಲ್ಲಿ ಸುತ್ತಿದೆವು. ಗೆಳೆಯರು ಬೇಸರ ತೋರಿಸಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಅವತ್ತಿನಿಂದ ಎರಡು ಮಾತು ನನ್ನ ಜೊತೆ ಇವೆ. ಒಂದು, ಮುಂದೆ ಹೋಗಲು ಬೇಕೇಬೇಕಾದದ್ದನ್ನು ದಾಳದ ಹಿಂದೆ ಬಚ್ಚಿಡಬಾರದು. ಜಸ್ಟಿನ್ ಅಲೆಕ್ಸಾಂಡರ್ ಅನ್ನುವ ಆಟದ ಬರಹಗಾರರು ಇದಕ್ಕೆ ಒಳ್ಳೆಯ ಉಪಾಯ ಹೇಳಿದ್ದಾರೆ. ಆಟಗಾರರಿಗೆ ಒಂದು ವಿಷಯ ಗೊತ್ತಾಗಬೇಕಿದ್ದರೆ ಅದಕ್ಕೆ ಕಡಿಮೆ ಅಂದರೂ ಮೂರು ಸುಳಿವು ಇಡಿ. ಒಂದನ್ನು ನೋಡುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ಎರಡನೆಯ ಮಾತು ಇದು: ಗೆದ್ದರೂ ಸೋತರೂ ಏನಾದರೂ ಆಗುತ್ತದೆ ಅನ್ನುವ ಕಡೆ ಮಾತ್ರ ದಾಳ. ಸೋತರೆ ಏನೂ ಆಗುವುದಿಲ್ಲ, ಅಲ್ಲೇ ನಿಂತಿರುತ್ತೇವೆ ಅನ್ನುವಲ್ಲಿ ದಾಳ ಬೇಡ. ಗೆಲ್ಲುವುದರಲ್ಲಿ ಅನುಮಾನವೇ ಇಲ್ಲದ ಕಡೆಯೂ ಬೇಡ.

ಈ ಕೊನೆಯದನ್ನು ನನಗೆ ಸರಿಯಾಗಿ ಕಲಿಸಿದ್ದು ಅಮ್ಮ. ಒಂದು ಭಾನುವಾರ ಗೆಳೆಯರು ಉಗ್ರಾಣದ ಬಾಗಿಲಲ್ಲಿ ನಿಂತ ಕಾವಲುಗಾರನ ಮುಂದೆ ಸಿಕ್ಕಿಬಿದ್ದಿದ್ದರು. ಒಬ್ಬ ಹೊಡೆಯೋಣ ಅಂದ. ಒಬ್ಬಳು ರಾಜಮುದ್ರೆ ಇರುವ ಕಾಗದ ತೋರಿಸಿ ಸುಳ್ಳು ಹೇಳೋಣ ಅಂದಳು. ಇನ್ನೊಬ್ಬ ಲಂಚದ ಲೆಕ್ಕ ಹಾಕುತ್ತಿದ್ದ. ಅಮ್ಮ ಬಜ್ಜಿ ತಟ್ಟೆ ಇಡಲು ಬಂದವರು ಎರಡು ನಿಮಿಷ ನಿಂತು ಕೇಳಿಸಿಕೊಂಡರು. "ಅವನು ಬೆಳಗ್ಗೆಯಿಂದ ಅಲ್ಲೇ ನಿಂತಿದಾನಲ್ಲ, ಊಟ ಆಯ್ತಾ ಅಂತ ಯಾರಾದ್ರೂ ಕೇಳಿದ್ರಾ?" ಅಂದರು.

ಮೇಜು ಸುಮ್ಮನಾಯಿತು. ನಾನು ಆ ಕಾವಲುಗಾರನಿಗೆ ಹೆಸರು ಕೂಡ ಇಟ್ಟಿರಲಿಲ್ಲ. ಅವನಿಗೆ ಊಟ ಆಗಿತ್ತಾ? ಆಗಿರಲಿಲ್ಲ, ಪಾಳಿ ಬದಲಿಸಬೇಕಾದವನು ಬಂದಿಲ್ಲ, ಮನೆಯಲ್ಲಿ ಎರಡು ಮಕ್ಕಳು ಕಾಯುತ್ತಿದ್ದಾರೆ. ಕೇಳಿದ ಕ್ಷಣ ಇದೆಲ್ಲ ಗೊತ್ತಾಯಿತು. ಅಭ್ಯಾಸಬಲದಿಂದ ದಾಳದ ಕಡೆ ಹೋದ ಕೈಯನ್ನು ಹಿಂದಕ್ಕೆ ತೆಗೆದೆ. ಹಸಿದ ಮನುಷ್ಯನಿಗೆ ಯಾರೋ ಬುತ್ತಿ ಬಿಚ್ಚಿ ಕೂತರೆ ಅವನು ಕೂರುತ್ತಾನೋ ಇಲ್ಲವೋ ಅನ್ನುವುದಕ್ಕೆ ದಾಳ ಯಾಕೆ? ಅವನು ಕೂತ. ಊಟ ಮಾಡುತ್ತಾ ಒಳಗೆ ಏನಿದೆ ಅನ್ನುವುದನ್ನೂ ಹೇಳಿದ.

ಆಮೇಲಿನ ಭಾನುವಾರ ಅಮ್ಮ "ಯಾರು ಗೆದ್ರು?" ಅಂತ ಕೇಳಲಿಲ್ಲ. "ಆ ಕಾವಲುಗಾರ ಏನಾದ? ಊಟ ಹಾಕಿದ್ದಕ್ಕೆ ಅವನ ಕೆಲಸ ಹೋಗಲಿಲ್ಲ ತಾನೆ?" ಅಂತ ಕೇಳಿದರು. ನಾನು ಯೋಚಿಸಿಯೇ ಇರಲಿಲ್ಲ. ಯೋಚಿಸಬೇಕಾಯಿತು.

ಹೊಸದಾಗಿ ಆಟ ನಡೆಸುವವರು ಮಾಡುವ ತಪ್ಪು ಒಂದಿದೆ. ನಾನೂ ಎರಡು ವರ್ಷ ಮಾಡಿದ್ದೆ. ಕಥೆ ಬರೆದುಕೊಂಡು ಹೋಗುತ್ತೇವೆ. ಮೊದಲು ಇಲ್ಲಿಗೆ ಬರುತ್ತಾರೆ, ಆಮೇಲೆ ಅವನನ್ನು ಭೇಟಿಯಾಗುತ್ತಾರೆ, ಕೊನೆಗೆ ಗುಹೆಯಲ್ಲಿ ಯುದ್ಧ. ಆಟಗಾರರು ಎರಡನೇ ಮೆಟ್ಟಿಲಲ್ಲೇ ಬೇರೆ ಕಡೆ ತಿರುಗುತ್ತಾರೆ. ಆಗ ನಮಗೆ ಗಾಬರಿ. ಅವರನ್ನು ನಯವಾಗಿ ನಮ್ಮ ದಾರಿಗೆ ತಳ್ಳುತ್ತೇವೆ. ಒಂದೆರಡು ಸಲ ತಳ್ಳಿಸಿಕೊಂಡ ಮೇಲೆ ಅವರಿಗೆ ಅರ್ಥವಾಗುತ್ತದೆ: ನಾವು ಏನು ಹೇಳಿದರೂ ಆಗುವುದು ಅದೇ. ಆಮೇಲೆ "ಏನ್ ಮಾಡ್ತೀರಿ?" ಅನ್ನುವ ಪ್ರಶ್ನೆಗೆ ಜೀವ ಇರುವುದಿಲ್ಲ. ಒಬ್ಬೊಬ್ಬರಾಗಿ ಮೊಬೈಲ್ ತೆಗೆಯುತ್ತಾರೆ.

ಈಗ ನಾನು ಕಥೆ ಬರೆಯುವುದಿಲ್ಲ. ಒಂದು ಪರಿಸ್ಥಿತಿ ಕಟ್ಟುತ್ತೇನೆ. ಕಳೆದ ವರ್ಷ ಶುರುಮಾಡಿದ ಆಟವನ್ನೇ ಹೇಳುತ್ತೇನೆ. ಒಂದು ಹಳೆಯ ಕೆರೆ, ಎರಡು ಊರು. ಮೇಲಿನ ಊರಿನವರು ಕೆರೆಯಂಗಳವನ್ನೇ ಒತ್ತುವರಿ ಮಾಡಿ ಬೆಳೆ ಇಟ್ಟಿದ್ದಾರೆ. ಕೆರೆ ತುಂಬಿದರೆ ಅವರ ಬೆಳೆ ಮುಳುಗುತ್ತದೆ. ಕೆಳಗಿನ ಊರಿನ ಗದ್ದೆಗಳೆಲ್ಲ ಅಚ್ಚುಕಟ್ಟಿನಲ್ಲಿವೆ. ಕೆರೆ ತುಂಬದಿದ್ದರೆ ಅವರಿಗೆ ಬದುಕಿಲ್ಲ. ರಾತ್ರಿ ಯಾರೋ ತೂಬು ತೆಗೆದು ನೀರು ಹರಿಯಬಿಡುತ್ತಿದ್ದಾರೆ. ಅದನ್ನು ನೋಡಿದ ನೀರುಗಂಟಿ, ಅಂದರೆ ಕೆರೆ ನೀರು ಬಿಡುವ ಕೆಲಸದವನು, ಮೂರು ದಿನದಿಂದ ಕಾಣೆ. ಪಾತ್ರಗಳು ಆ ಊರಿಗೆ ಬಂದಿಳಿಯುತ್ತವೆ.

ಇದಕ್ಕೆ ನಾನು ಬರೆದುಕೊಂಡದ್ದು ಒಂದೂವರೆ ಪುಟ. ಮುಖ್ಯವಾದ ನಾಲ್ಕು ಜನ, ಒಬ್ಬೊಬ್ಬರಿಗೂ ಏನು ಬೇಕು, ಯಾವುದಕ್ಕೆ ಹೆದರುತ್ತಾರೆ, ಏನು ಮುಚ್ಚಿಟ್ಟಿದ್ದಾರೆ. ಆಮೇಲೆ ಒಂದು ವೃತ್ತ, ಅದರಲ್ಲಿ ಆರು ಭಾಗ. ಇದು ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಅನ್ನುವ ಆಟದಿಂದ ಕಲಿತದ್ದು. ಅಲ್ಲಿ ಇದಕ್ಕೆ ಕ್ಲಾಕ್ ಅನ್ನುತ್ತಾರೆ. ನನ್ನ ವೃತ್ತದ ಕೆಳಗೆ 'ಏರಿ ಒಡೆಯುತ್ತದೆ' ಅಂತ ಬರೆದಿದ್ದೆ. ಜೋರು ಮಳೆ ಬಂದಾಗ ಒಂದು ಭಾಗ ತುಂಬುತ್ತೇನೆ. ಪಾತ್ರಗಳು ಒಂದು ಇಡೀ ದಿನ ಕಳೆದರೆ ಇನ್ನೊಂದು. ಆರೂ ತುಂಬಿದ ದಿನ ಏರಿ ಒಡೆಯುತ್ತದೆ, ನನಗೆ ಇಷ್ಟವಿರಲಿ ಬಿಡಲಿ. ವೃತ್ತವನ್ನು ಮೇಜಿನ ನಡುವೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ನಾಲ್ಕನೇ ಭಾಗಕ್ಕೆ ಬಣ್ಣ ತುಂಬಿದಾಗ ಯಾರೂ ಮಾತಾಡಲಿಲ್ಲ.

ಅವರು ನೀರುಗಂಟಿಯನ್ನು ಹುಡುಕುತ್ತಾರೆ, ಅವನ ಬಾಯಿಂದ ಸತ್ಯ ಹೊರಬರುತ್ತದೆ ಅಂತ ನನ್ನ ಊಹೆ. ಅದಾಗಲಿಲ್ಲ. ಮಾತು ಕಡಿಮೆ ಆಡುವ ಗೆಳೆಯನೊಬ್ಬ ಇದ್ದಾನೆ. ಅವನು ಕೇಳಿದ: "ಕೆರೆಗೆ ಗಡಿಕಲ್ಲು ಇರಬೇಕಲ್ವಾ?" ನಾನು ಗಡಿಕಲ್ಲಿನ ಬಗ್ಗೆ ಏನೂ ಬರೆದಿರಲಿಲ್ಲ. ಆದರೆ ಅಷ್ಟು ಹಳೆಯ ಕೆರೆಗೆ ಇಲ್ಲದೆ ಇರುತ್ತದೆಯೇ? "ಇದೆ. ಈಗ ಮೇಲಿನ ಊರಿನ ಗೌಡರ ಕಬ್ಬಿನ ಗದ್ದೆ ನಡುವೆ ಇರಬೇಕು" ಅಂದೆ. ರಾತ್ರಿ ಕಬ್ಬಿನೊಳಗೆ ನುಗ್ಗಿ ಕಲ್ಲು ಹುಡುಕಿದರು. ಮೂರು ಸಿಕ್ಕವು. ಬೆಳಗ್ಗೆ ಎರಡೂ ಊರಿನವರನ್ನು ಕರೆದು ಕಲ್ಲಿನಿಂದ ಕಲ್ಲಿಗೆ ಹಗ್ಗ ಎಳೆದು ತೋರಿಸಿದರು. ಯಾರ ಮೇಲೂ ಆರೋಪ ಹೊರಿಸಲಿಲ್ಲ. ಹಗ್ಗ ಎಲ್ಲಿ ಹಾದುಹೋಗುತ್ತದೆ ಅನ್ನುವುದನ್ನು ಎಲ್ಲರೂ ನೋಡಿದರು, ಅಷ್ಟೇ. ನಾನು ವಾರವಿಡೀ ಕೂತು ಬರೆದಿದ್ದರೂ ಇದು ನನಗೆ ಹೊಳೆಯುತ್ತಿರಲಿಲ್ಲ.

ಜನ ಕೇಳುತ್ತಾರೆ, ಹಾಗಾದರೆ ಜಿಎಂ ಏನು ತಯಾರಿ ಮಾಡಬೇಕು? ಗಡಿಕಲ್ಲು ಇದೆಯಾ ಅಂತ ಕೇಳಿದಾಗ ಪ್ರಾಮಾಣಿಕವಾಗಿ ಉತ್ತರಿಸುವಷ್ಟು ಆ ಊರು ನಿಮಗೆ ಗೊತ್ತಿರಬೇಕು. ಉಳಿದದ್ದು ಕೇಳಿಸಿಕೊಳ್ಳುವ ಕೆಲಸ.

ಭಾಷೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಪುಸ್ತಕಗಳೆಲ್ಲ ಇಂಗ್ಲಿಷಿನವು. ಹಾಗಾಗಿ ಮೊದಮೊದಲು ಆಟವೂ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಮನೆಯಲ್ಲಿ, ರಸ್ತೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಕನ್ನಡ ಮಾತಾಡುವವರು ಮೇಜಿನ ಮುಂದೆ ಕೂತ ತಕ್ಷಣ ಬೇರೆಯವರಾಗುತ್ತಿದ್ದೆವು. ಕೆರೆಯ ಆಟವನ್ನು ಕನ್ನಡದಲ್ಲೇ ನಡೆಸಿದೆ. ಹಿಟ್ ಪಾಯಿಂಟ್ (ಪಾತ್ರ ಎಷ್ಟು ಪೆಟ್ಟು ತಡೆದೀತು), ಇನಿಷಿಯೇಟಿವ್ (ಹೊಡೆದಾಟದಲ್ಲಿ ಯಾರ ಸರದಿ ಮೊದಲು) ಥರದ ಮಾತುಗಳನ್ನು ಹಾಗೇ ಬಿಟ್ಟೆ, ಅವಕ್ಕೆ ಹೊಸ ಪದ ಹುಟ್ಟಿಸುವ ಗೋಜಿಗೆ ಹೋಗಲಿಲ್ಲ. ಬದಲಾದದ್ದು ಪಾತ್ರಗಳ ಮಾತು.

ಕನ್ನಡದಲ್ಲಿ ಎದುರಿನವರ ಜೊತೆ ಮಾತಾಡಬೇಕಾದರೆ ನೀನೋ, ನೀವೋ ಅನ್ನುವುದನ್ನು ಮೊದಲೇ ಆರಿಸಿಕೊಳ್ಳಬೇಕು. ತಪ್ಪಿಸಿಕೊಳ್ಳಲು ಆಗುವುದಿಲ್ಲ. ಗೌಡರ ಜಗಲಿಯ ಮುಂದೆ ನಿಂತ ಪಾತ್ರ ಬಾಯಿ ತೆರೆದ ಕೂಡಲೇ ಇಬ್ಬರ ನಡುವಿನ ಸಂಬಂಧ ಬಯಲಾಗುತ್ತದೆ. ಮೂರು ವಾರ "ನೀವು ಹೇಳಿ ಗೌಡ್ರೇ" ಅನ್ನುತ್ತಿದ್ದ ಗೆಳತಿಯ ಪಾತ್ರ, ನೀರುಗಂಟಿಯ ಮನೆ ಸುಟ್ಟ ರಾತ್ರಿ, "ನೀನು ಮಾಡ್ಸಿದ್ದು ಅಂತ ನಂಗೊತ್ತು" ಅಂದಳು. ಆ ಒಂದು 'ನೀನು'ಗೆ ಎಲ್ಲರ ಬೆನ್ನು ನೆಟ್ಟಗಾಯಿತು. ಯಾವ ದಾಳಕ್ಕೂ ಆ ಶಕ್ತಿ ಇಲ್ಲ.

ನಡೆಸುವವರಿಗೂ ಇದು ದೊಡ್ಡ ಅನುಕೂಲ. ಅಂಗಡಿಯ ಮುದುಕಿ "ಗೌಡ್ರು ಬಂದಿದ್ರು" ಅಂದರೆ ಒಂದು ಅರ್ಥ, "ಗೌಡ ಬಂದಿದ್ದ" ಅಂದರೆ ಇನ್ನೊಂದು. ಅವಳು ಯಾರ ಕಡೆ ಅಂತ ನಾನು ಬೇರೆ ವಿವರಿಸಬೇಕಿಲ್ಲ. ಮೊದಲ ಸಲ ಹಾಗೆ ಹೇಳಿದಾಗ ಮೂರು ಜನ ಒಟ್ಟಿಗೆ ತಲೆ ಎತ್ತಿದರು. ಸುಳಿವು ಸಿಕ್ಕಿತ್ತು.

ಪಾತ್ರದೊಳಗೆ ಇಷ್ಟು ಆಳ ಇಳಿಯುವ ಆಟದಲ್ಲಿ ನೋವಾಗುವ ಸಾಧ್ಯತೆಯೂ ಇದೆ. ನಮ್ಮ ಮೇಜಿನ ಮೇಲೆ ಯಾವಾಗಲೂ ಒಂದು ಚೀಟಿ ಇರುತ್ತದೆ, ಅದರ ಮೇಲೆ 'ಎಕ್ಸ್' ಗುರುತು. ಇದು ಜಾನ್ ಸ್ಟಾವ್ರೋಪೋಲೋಸ್ ಅನ್ನುವವರು ಕೊಟ್ಟ ಉಪಾಯ, ಎಕ್ಸ್ ಕಾರ್ಡ್ ಅಂತ ಹೆಸರು. ಆಟದಲ್ಲಿ ಬಂದ ಯಾವುದೋ ವಿಷಯ ಸಹಿಸಲು ಆಗದಿದ್ದರೆ ಯಾರು ಬೇಕಾದರೂ ಆ ಚೀಟಿ ಮುಟ್ಟಬಹುದು. ಮುಟ್ಟಿದ ತಕ್ಷಣ ಆ ವಿಷಯ ಬಿಟ್ಟು ಮುಂದೆ ಹೋಗುತ್ತೇವೆ. ಕಾರಣ ಕೇಳುವಂತಿಲ್ಲ. ಶುರುವಿಗೆ ಮುಂಚೆಯೇ ಯಾವುದು ಬೇಡವೇ ಬೇಡ, ಯಾವುದು ತೆರೆಯ ಹಿಂದೆ ನಡೆದರೆ ಪರವಾಗಿಲ್ಲ ಅಂತಲೂ ಮಾತಾಡಿಕೊಳ್ಳುತ್ತೇವೆ.

ಇದೆಲ್ಲ ಗೆಳೆಯರ ನಡುವೆ ಯಾಕೆ ಅಂತ ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಒಂದು ಸಂಜೆ ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾನೆ, ಮಗಳು ಪಕ್ಕದಲ್ಲಿ ಕೂತಿದ್ದಾಳೆ ಅಂತ ವಿವರಿಸುತ್ತಿದ್ದೆ. ಉಸಿರಾಟದ ಸದ್ದನ್ನು ಹೇಳುತ್ತಿರುವಾಗ ಒಬ್ಬ ಗೆಳತಿ ಕೈ ಚಾಚಿ ಚೀಟಿ ಮುಟ್ಟಿದಳು. "ಬೆಳಗಾಯಿತು, ನೀವು ಸಂತೆಯಲ್ಲಿದ್ದೀರಿ" ಅಂದೆ. ಆಟ ಮುಂದುವರಿಯಿತು. ಅವಳೂ ಆಡಿದಳು, ನಕ್ಕಳು. ಕಾರಣ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಚೀಟಿ ಅಲ್ಲಿರದಿದ್ದರೆ ಅವಳು ಸುಮ್ಮನೆ ಕೂತು ಸಹಿಸಿಕೊಳ್ಳುತ್ತಿದ್ದಳು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ.

ಆಡುವವರ ಕಡೆಯಿಂದ ಹೇಳುವುದು ಸ್ವಲ್ಪವೇ. ಒಳ್ಳೆಯ ಆಟಗಾರ ಅಂದರೆ ಚೆನ್ನಾಗಿ ನಟಿಸುವವನು ಅಂತ ಹೊಸಬರು ತಿಳಿಯುತ್ತಾರೆ. ದನಿ ಬದಲಿಸಿ ಮಾತಾಡಲು ಬಾರದು ಅಂತ ಹಿಂಜರಿಯುತ್ತಾರೆ. ಅದರ ಅಗತ್ಯವೇ ಇಲ್ಲ. "ನನ್ನ ಪಾತ್ರ ಅವನಿಗೆ ಸಮಾಧಾನ ಹೇಳುತ್ತೆ" ಅಂದರೂ ಸಾಕು. ಗಡಿಕಲ್ಲಿನ ಬಗ್ಗೆ ಕೇಳಿದ ಗೆಳೆಯ ಇವತ್ತಿನವರೆಗೂ ದನಿ ಬದಲಿಸಿಲ್ಲ. ಆದರೆ ಪ್ರತಿ ಸಲ ಒಂದು ಕೆಲಸ ಮಾಡುತ್ತಾನೆ. ಯಾರು ಬಹಳ ಹೊತ್ತು ಮಾತಾಡಿಲ್ಲವೋ ಅವರ ಪಾತ್ರದ ಕಡೆ ತಿರುಗಿ, "ನಿನಗೆ ಏನನ್ಸುತ್ತೆ? ಹೋಗೋಣ್ವಾ?" ಅಂತ ಕೇಳುತ್ತಾನೆ. ಅವನಿದ್ದರೆ ನನ್ನ ಕೆಲಸ ಅರ್ಧ.

ಶುರುಮಾಡಬೇಕು ಅನ್ನಿಸಿದವರು ದಪ್ಪ ಪುಸ್ತಕ ಕೊಳ್ಳಲು ಓಡಬೇಡಿ. ಡಂಜನ್ಸ್ ಆಂಡ್ ಡ್ರಾಗನ್ಸ್‌ನ ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಅದೂ ಮೊದಲ ದಿನ ಬೇಡ. ಮೂರು ಗೆಳೆಯರು, ಎರಡು ಲೂಡೋ ದಾಳ, ಮೇಲೆ ಹೇಳಿದ 6, 7ರಿಂದ 9, 10ರ ಲೆಕ್ಕ ಸಾಕು. ಒಬ್ಬೊಬ್ಬರೂ ತಮ್ಮ ಪಾತ್ರಕ್ಕೆ ಹೆಸರು, ಕಸುಬು, ಚೆನ್ನಾಗಿ ಬರುವ ಎರಡು ಕೆಲಸ, ಬಿಟ್ಟಿರಲಾರದ ಒಬ್ಬ ಮನುಷ್ಯನನ್ನು ಬರೆದುಕೊಳ್ಳಲಿ. ಚೆನ್ನಾಗಿ ಬರುವುದಕ್ಕೆ '+1' ಕೊಡಿ. ನನ್ನ ಕೆರೆಯನ್ನೇ ತೆಗೆದುಕೊಳ್ಳಿ, ಇಲ್ಲವೇ ನಿಮ್ಮ ಊರಿನ ಜಗಳವೊಂದನ್ನು. ಎರಡು ಗಂಟೆಗೆ ನಿಲ್ಲಿಸಿ, ಇನ್ನೂ ಆಡಬೇಕು ಅನ್ನಿಸುತ್ತಿರುವಾಗಲೇ.

ಎಲ್ಲರೂ ಹೋದ ಮೇಲೆ ಹತ್ತು ನಿಮಿಷ ಕೂತು ಬರೆದಿಡಿ. ಯಾರು ಏನು ಮಾಡಿದರು, ಯಾರಿಗೆ ಏನು ಮಾತು ಕೊಟ್ಟರು. ಮುಂದಿನ ವಾರ ಆ ಲೋಕಕ್ಕೆ ಅದು ನೆನಪಿರಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಕಳೆದ ಭಾನುವಾರದ ಪುಟದಲ್ಲಿ ಮೂರು ಸಾಲು ಇವೆ. ಹಗ್ಗ ಇನ್ನೂ ಕಟ್ಟಿಯೇ ಇದೆ, ಯಾರೂ ಬಿಚ್ಚಿಲ್ಲ. ನೀರುಗಂಟಿಯ ಮಗಳಿಗೆ ಕೊಟ್ಟ ಮಾತು ಬಾಕಿ. ಕಾವಲುಗಾರನ ಕೆಲಸ ಹೋಗಿದೆ, ಈಗ ಸಂತೆಯಲ್ಲಿ ಮೂಟೆ ಹೊರುತ್ತಿದ್ದಾನೆ, ಅಮ್ಮನಿಗೆ ಹೇಳಬೇಕು.